ಮೊದಲ ಗೇಮಿಂಗ್ ಪಿಸಿ, ಕೈಯಲ್ಲಿ 65 ಸಾವಿರ: ತುಮಕೂರು ಕಡೆಯವರು ಅನುಭವ ಹೇಳಿ

ಪ್ರಶ್ನೆ

ತುಮಕೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಬಿಡಿಭಾಗ ತಂದು ನಾನೇ ಒಂದು ಗೇಮಿಂಗ್ ಪಿಸಿ ಜೋಡಿಸಬೇಕು ಅಂತ ಆಸೆ. ಮಾನಿಟರ್ ಸೇರಿ 65 ಸಾವಿರ. ಇದರ ಮೇಲೆ ಒಂದು ರೂಪಾಯಿ ಕೇಳಬೇಡ ಅಂತ ಅಪ್ಪ ಹೇಳಿದ್ದಾರೆ. ವ್ಯಾಲರಂಟ್, ಜಿಟಿಎ 5 ಆಡುತ್ತೇನೆ. ಸೈಬರ್‌ಪಂಕ್ 2077 ಆಡಬೇಕು ಅಂತ ಬಹಳ ದಿನದ ಆಸೆ. ಕಾಲೇಜಿನ ಕೋಡಿಂಗ್ ಕೂಡ ಇದರಲ್ಲೇ ಆಗಬೇಕು. ಇಲ್ಲಿನ ಒಂದು ಅಂಗಡಿಯವರು ಪಟ್ಟಿ ಬರೆದುಕೊಟ್ಟರು: ರೈಜೆನ್ 7 ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಆರು ಫ್ಯಾನ್. ಪವರ್ ಸಪ್ಲೈ ಯಾವ ಕಂಪನಿಯದು ಅಂತ ಬರೆದೇ ಇಲ್ಲ. ಜೋಡಿಸಿ ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರದಿಂದ

ಆ ಪಟ್ಟಿಯನ್ನು ಮಡಚಿ ಇಟ್ಟುಬಿಡು ತಮ್ಮಾ. ಅದು ತಲೆಕೆಳಗಾಗಿದೆ. ಗೇಮ್ ಆಡುವಾಗ ಹೆಚ್ಚಿನ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡ್. ದುಡ್ಡೆಲ್ಲ ಪ್ರೊಸೆಸರ್‌ಗೂ ಲೈಟಿಗೂ ಹಾಕಿ ಕಾರ್ಡ್‌ನಲ್ಲಿ ಉಳಿಸಿದರೆ ಸೈಬರ್‌ಪಂಕ್ ತೆವಳುತ್ತದೆ.

ಒಟ್ಟು ಮೊತ್ತದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲನ್ನು ಕಾರ್ಡ್‌ಗೆ ಎತ್ತಿಡು. 8 ಜಿಬಿಗಿಂತ ಕಡಿಮೆ ಇರುವ ಕಾರ್ಡ್ ಈಗ ಬೇಡ. ನಾನು ಬಳಸುತ್ತಿರುವುದು ಆರ್‌ಎಕ್ಸ್ 6600. 8 ಜಿಬಿ ಇದೆ, 132 ವ್ಯಾಟ್ ಸಾಕು, ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ತೋರಿಸುವ ಸೆಟ್ಟಿಂಗ್) ಆಫ್ ಮಾಡಿದರೆ 1080ಪಿ ಪರದೆಯಲ್ಲಿ ಸೈಬರ್‌ಪಂಕ್ ಚೆನ್ನಾಗಿಯೇ ಓಡುತ್ತದೆ. ಅಂಗಡಿಯಲ್ಲಿ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿ "ಇದೂ ಅದೇ ಸೀರೀಸ್" ಅನ್ನುತ್ತಾರೆ. ನಂಬಬೇಡ. ಅದರಲ್ಲಿ 4 ಜಿಬಿ ಮಾತ್ರ. ಜೊತೆಗೆ ಮದರ್‌ಬೋರ್ಡ್ ಜೊತೆ ಮಾತಾಡಲು ಅದಕ್ಕೆ ನಾಲ್ಕೇ ಲೇನ್, ಅಂದರೆ ಡೇಟಾ ಓಡಾಡುವ ದಾರಿ. ಪಿಸಿಐಇ 3.0 (ಆ ದಾರಿಯ ಹಳೇ, ನಿಧಾನದ ತಲೆಮಾರು) ಇರುವ ಬಿ450 ಮದರ್‌ಬೋರ್ಡ್‌ಗೆ ಹಾಕಿದರೆ ಇನ್ನೂ ನಿಧಾನವಾಗುತ್ತದೆ. ಆರ್‌ಟಿಎಕ್ಸ್ 3050 ಕೇಳಿದರೂ 6 ಜಿಬಿಯದಾ, 8 ಜಿಬಿಯದಾ ಅಂತ ಮೊದಲು ವಿಚಾರಿಸು. ಹೆಸರು ಒಂದೇ ಆದರೂ 6 ಜಿಬಿಯದು ಸಾಕಷ್ಟು ಬಡಕಲು ಕಾರ್ಡ್.

ಪ್ರೊಸೆಸರ್ ರೈಜೆನ್ 5 5600 ಸಾಕು. ಆರು ಕೋರ್, ಹನ್ನೆರಡು ಥ್ರೆಡ್, ಡಬ್ಬದಲ್ಲೇ ಕೂಲರ್ ಬರುತ್ತದೆ. ಇಂಟೆಲ್ ಇಷ್ಟ ಅಂದರೆ ಐ5 12400ಎಫ್. ಎಫ್ ಅಂತ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. 5600ಕ್ಕೂ ಇದೇ ಮಾತು.

ಇನ್ನು ರ‍್ಯಾಮ್. ಹಳೇ ವಿಡಿಯೊ ನೋಡಿ ಲೆಕ್ಕ ಹಾಕಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಮೆಮೊರಿ ಚಿಪ್ಪೆಲ್ಲ ಎಐ ಡೇಟಾ ಸೆಂಟರ್‌ಗಳ ಪಾಲಾಗುತ್ತಿದೆ. ಗೇಮ್, ಫೈಲ್ ಇಡುವ ಎಸ್‌ಎಸ್‌ಡಿಗೂ ಬಿಸಿ ತಟ್ಟಿದೆ. ಆದರೂ 16 ಜಿಬಿಗಿಂತ ಇಳಿಯಬೇಡ. ಒಂದೇ ಕಡ್ಡಿ ಬೇಡ, 8ರ ಎರಡು ಕಡ್ಡಿ ತಗೋ. ಎರಡಿದ್ದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಉಳಿಸಲೇಬೇಕು ಅಂದರೆ ಎಸ್‌ಎಸ್‌ಡಿಯಲ್ಲಿ ಉಳಿಸು. 500 ಜಿಬಿಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಒಂದರಿಂದ ಶುರು ಮಾಡು. ಜಿಟಿಎ 5 ಒಂದೇ 100 ಜಿಬಿ ತಿನ್ನುತ್ತದೆ, ಹಾಗಾಗಿ ಮೂರ್ನಾಲ್ಕು ದೊಡ್ಡ ಗೇಮ್‌ಗೆ ತುಂಬಿಹೋಗುತ್ತದೆ ಅನ್ನೋದು ನೆನಪಿರಲಿ. ಇದು ಕೂರುವ ಎಂ.2 ಜಾಗ ಎರಡು ಇರುವ ಬೋರ್ಡ್ ಸಿಕ್ಕರೆ ಮುಂದೆ ಇನ್ನೊಂದು ಹಾಕಬಹುದು.

ಶಿರಾದಿಂದ

ಮೇಲಿನವರು ಹೇಳಿದ್ದು ಸರಿ, ಆದರೆ 5600 ಕೂರುವ ಎಎಂ4 ಬೋರ್ಡ್‌ಗೆ ಮುಂದೆ ಹೊಸ ತಲೆಮಾರಿನ ಪ್ರೊಸೆಸರ್ ಹಾಕಲಾಗುವುದಿಲ್ಲ. ಅದರ ನಂತರದ ಎಎಂ5 ತಗೊಂಡರೆ ಬೋರ್ಡ್ ಬದಲಿಸದೆ ಮುಂದೆ ಹೊಸ ಪ್ರೊಸೆಸರ್ ಹಾಕಬಹುದು. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಸದ್ಯ ಅದರ ಬೆಲೆಯೇ ತಲೆನೋವು.

ಕ್ಯಾತ್ಸಂದ್ರದಿಂದ

ಅದೇ ಕಾರಣಕ್ಕೆ ನಾನು ಹೇಳಲಿಲ್ಲ ಸರ್. 65 ಸಾವಿರದಲ್ಲಿ ಮಾನಿಟರ್ ಇಟ್ಟುಕೊಂಡು ಎಎಂ5ಗೆ ಹೋದರೆ ಕತ್ತರಿ ಬೀಳುವುದು ಕಾರ್ಡ್‌ಗೇ. ನಾಲ್ಕು ವರ್ಷ ಆದಮೇಲಿನ ಅಪ್‌ಗ್ರೇಡ್‌ಗಾಗಿ ಇವತ್ತಿನ ಆಟ ಯಾಕೆ ಕೆಡಿಸಿಕೊಳ್ಳಬೇಕು?

ತಿಪಟೂರಿನಿಂದ

"ಐ7, 16 ಜಿಬಿ ರ‍್ಯಾಮ್, ಗೇಮಿಂಗ್ ಪಿಸಿ, 18 ಸಾವಿರ" ಅನ್ನುವ ಜಾಹೀರಾತಿಗೆ ಬೀಳಬೇಡಪ್ಪ. ಎಷ್ಟನೇ ಜನರೇಷನ್ ಅಂತ ಕೇಳು. ಐ7 2600 ಬಂದಿದ್ದು 2011ರಲ್ಲಿ, 3770 ಬಂದಿದ್ದು 2012ರಲ್ಲಿ. ಐ7 ಅನ್ನೋ ಹೆಸರೊಂದೇ ದೊಡ್ಡದು. ವಿಂಡೋಸ್ 11 ಇವಕ್ಕೆ ಅಧಿಕೃತವಾಗಿ ಇಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲೇ ಬೆಂಬಲ ನಿಲ್ಲಿಸಿದೆ. ಕಾರ್ಡ್ ಜಾಗದಲ್ಲಿ ಜಿಟಿ 730 ಕೂರಿಸಿರುತ್ತಾರೆ. ಅದು ಸಿನಿಮಾ ನೋಡೋಕೆ ಸರಿ.

ಗುಬ್ಬಿ ಹತ್ತಿರದ ಹಳ್ಳಿಯಿಂದ

ಎಲ್ಲರೂ ಕಾರ್ಡ್ ಕಾರ್ಡ್ ಅಂತಿದ್ದಾರೆ. ಕರೆಂಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ವೈರಿಂಗ್ ಕೆಲಸ ಮಾಡುವವನು, ಮಗನಿಗೆ ಪಿಸಿ ಜೋಡಿಸುವಾಗ ಜೊತೆಗೆ ಕೂತಿದ್ದೆ. ನಮ್ಮ ಕಡೆ ಪಂಪ್‌ಸೆಟ್‌ಗಳು ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಸಿಟಿಯೊಳಗೆ ಇಷ್ಟು ಇರಲಿಕ್ಕಿಲ್ಲ, ಆದರೂ ಕೇಳಿಸಿಕೋ.

ಪವರ್ ಸಪ್ಲೈ ಹೆಸರಿಲ್ಲದ ಪಟ್ಟಿಗೆ ಒಪ್ಪಲೇಬೇಡ. ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ (ಪವರ್ ಸಪ್ಲೈಗೇ ಇನ್ನೊಂದು ಹೆಸರು) ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದ ಹಾಗೆ ಹಗುರ. ಕಾರ್ಡ್‌ಗೆ ಬೇಕಾದ ಎಂಟು ಪಿನ್ ವೈರೇ ಅನೇಕದರಲ್ಲಿ ಇರುವುದಿಲ್ಲ. ಒಳ್ಳೆಯ ಕಂಪನಿಯ 550 ವ್ಯಾಟ್ ತಗೋ. 80 ಪ್ಲಸ್ ಬ್ರಾಂಜ್ ಗುರುತು ಇರಲಿ, ಆದರೆ ಆ ಗುರುತು ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅಂತ ಅಷ್ಟೇ. ಅದಕ್ಕೇ ಐದು ವರ್ಷ ವಾರಂಟಿ ಇದೆಯಾ ಅಂತಲೂ ನೋಡು.

ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಪಿಸಿ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡ. ಸಾಮಾನ್ಯವಾಗಿ ಸಾಕೆಟ್ಟಿನ ದೊಡ್ಡ ಪಿನ್‌ಗೆ ವೈರೇ ಹೋಗಿರುವುದಿಲ್ಲ. ಪವರ್ ಸಪ್ಲೈ ಒಳಗಿನ ಫಿಲ್ಟರ್‌ನಿಂದ ಸೋರುವ ಚೂರು ಕರೆಂಟು ಭೂಮಿಗೆ ಇಳಿಯಲಾಗದೆ ತಗಡಿನ ಮೇಲೇ ಕೂರುತ್ತದೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದರೂ ಇದೇ ಕಥೆ.

ಯುಪಿಎಸ್ ತಗೊಳ್ಳುವಾಗ 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. 6600 ಕಾರ್ಡ್‌ನ ಪಿಸಿ ಮಾನಿಟರ್ ಸಮೇತ ಅದರೊಳಗೆ ಕೂರುತ್ತದೆ. ಆದರೆ ಅದು ಗೇಮ್ ಮುಂದುವರಿಸೋಕೆ ಅಲ್ಲ, ಸೇವ್ ಮಾಡಿ ಆಫ್ ಮಾಡೋಕೆ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡು. ಆ ಮೋಡ್‌ನಲ್ಲಿ ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುತ್ತದೆ, ಪಿಸಿ ರೀಸ್ಟಾರ್ಟ್ ಆಗದೆ ಉಳಿಯುವ ಸಾಧ್ಯತೆ ಜಾಸ್ತಿ.

ಪ್ರಶ್ನೆ ಕೇಳಿದವನಿಂದ

ತುಂಬಾ ಥ್ಯಾಂಕ್ಸ್. ಇನ್ನೆರಡು ಡೌಟ್. ಈಗ ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5600ಜಿ ಹಾಕಿ ಒಂದು ವರ್ಷ ಬಿಟ್ಟು ಕಾರ್ಡ್ ತಗೊಂಡರೆ ಹೇಗೆ? ಮಾನಿಟರ್ ಬದಲು ಮನೆಯ ಟಿವಿಗೆ ಸಿಕ್ಕಿಸಿದರೆ?

ಬಟವಾಡಿಯಿಂದ

ನಾನು ಮಾಡಿದ್ದು ಇದನ್ನೇ, 5600ಜಿ ತಗೊಂಡೆ. ವ್ಯಾಲರಂಟ್‌ಗೆ ಏನೂ ತೊಂದರೆ ಇಲ್ಲ. ಜಿಟಿಎ 5 ಸೆಟ್ಟಿಂಗ್ ಇಳಿಸಿದರೆ ಆಗುತ್ತದೆ. ಸೈಬರ್‌ಪಂಕ್ ಆಸೆ ಬಿಡಬೇಕು. ಇದರ ಗ್ರಾಫಿಕ್ಸ್ ಮೆಮೊರಿಯನ್ನು ರ‍್ಯಾಮ್‌ನಿಂದಲೇ ಸಾಲ ತಗೊಳ್ಳುತ್ತದೆ, ಹಾಗಾಗಿ ಎರಡು ಕಡ್ಡಿ ಕಡ್ಡಾಯ. ಮುಂದೆ ಕಾರ್ಡ್ ಹಾಕಿದಾಗಲೂ 5600ಕ್ಕಿಂತ ಸ್ವಲ್ಪ ಹಿಂದೆ. ಅದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) 32 ಎಂಬಿ, ಇದರಲ್ಲಿ 16. ದುಡ್ಡು ಒಟ್ಟಿಗೇ ಸಿಗುತ್ತಿದ್ದರೆ ಇದು ಬೇಡ. ನನಗೆ ತಿಂಗಳ ಸಂಬಳದಲ್ಲಿ ತುಂಡು ತುಂಡಾಗಿ ತರಬೇಕಿತ್ತು, ಅದಕ್ಕೆ ಸರಿಹೋಯಿತು.

ಟಿವಿ ಆಗುತ್ತದೆ, ಗೇಮ್ ಮೋಡ್ ಹಾಕು. ಹಾಕದಿದ್ದರೆ ಮೌಸ್ ಅಲ್ಲಾಡಿಸಿದ ಮೇಲೆ ಪರದೆ ಅಲ್ಲಾಡುತ್ತದೆ. ಆದರೆ ಹಾಲ್‌ನಲ್ಲಿ ಸಂಜೆ ಏಳಕ್ಕೆ ಧಾರಾವಾಹಿ ಶುರುವಾದರೆ ನಿನ್ನ ಪಿಸಿಗೆ ಪರದೆ ಇಲ್ಲ! ಗೆಳೆಯರ ಹಳೇ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರ್ ಸಿಗುತ್ತದಾ ನೋಡು, ಆ ದುಡ್ಡು ಕಾರ್ಡ್‌ಗೆ ಹೋಗಲಿ. ಮುಂದೆ 144 ಹರ್ಟ್ಸ್ ತಂದಾಗ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಆರಿಸಬೇಕು. ಸುಮಾರು ಜನ 60ರಲ್ಲೇ ಆಡುತ್ತಿರುತ್ತಾರೆ.

ಜೋಡಿಸುವಾಗ ಕೆಲವು ಮಾತು. ರ‍್ಯಾಮ್ ಕಡ್ಡಿಗಳು ನಾಲ್ಕು ಜಾಗದ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್, ಆನ್ ಮಾಡು, ಇಲ್ಲದಿದ್ದರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಕಂಪನಿ ಕೂಲರ್‌ನ ಅಡಿ ಪೇಸ್ಟ್ ಬಳಿದೇ ಬಂದಿರುತ್ತದೆ, ಒರೆಸಬೇಡ. ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೇ ಸಿಕ್ಕಿಸು. ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯದಿದ್ದರೆ ಬಯೋಸ್‌ನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಸೆಟ್ಟಿಂಗ್ ಎರಡೂ ಆನ್ ಇದೆಯಾ ನೋಡು.

ಶಿರಾದಿಂದ

ಇನ್ನು ಎಲ್ಲಿ ತರೋದು ಅಂತ. ತುಮಕೂರಿನಲ್ಲಿ ಒಮ್ಮೆ ದರ ಕೇಳು, ಆನ್‌ಲೈನ್‌ನಲ್ಲಿ ನೋಡು, ಆಮೇಲೆ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆ. ಬಸ್ಸಿನಲ್ಲಿ ಹೋದರೆ ಮೆಜೆಸ್ಟಿಕ್‌ವರೆಗೂ ಟ್ರಾಫಿಕ್‌ನಲ್ಲಿ ಕೂರಬೇಡ. ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದರೆ ನೇರ ಚಿಕ್ಕಪೇಟೆ, ಅಲ್ಲಿಂದ ನಡೆದೇ ಹೋಗಬಹುದು. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ" ಅಂದರೆ ಎದ್ದು ಬಾ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೋ, ಡಬ್ಬದ ಮೇಲಿನದೂ ಕಾರ್ಡ್ ಮೇಲಿನದೂ ಒಂದೇನಾ ಅಂತ ಅಲ್ಲೇ ನೋಡು. ಬಿ450 ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ 5600 ಗುರುತಿಸದೇ ಇರಬಹುದು, ಬಯೋಸ್ ಅಪ್‌ಡೇಟ್ ಅವರ ಹತ್ತಿರವೇ ಮಾಡಿಸು. ಮಾನಿಟರ್ ಡಬ್ಬವನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ತರೋಕೆ ಹೋಗಬೇಡ, ಅದೊಂದನ್ನು ಮನೆಗೇ ತರಿಸಿಕೋ.