ವರ್ಣಭೇದದ ಮಾತು ಎತ್ತಿದರೆ ಮೌನ, ಇಲ್ಲವೇ ಜಗಳ. ನೀವು ಹೇಗೆ ನಡೆಸಿದಿರಿ?

ಕೇಳಿದವರು: ನಮ್ಮ ತಂಡದಲ್ಲಿ ಬೇರೆ ಬೇರೆ ದೇಶದವರಿದ್ದೇವೆ. ಆಗಾಗ ಕೂತು ಒಂದು ವಿಷಯ ಮಾತಾಡುವ ರೂಢಿ. ಮುಂದಿನ ಸಲ ವರ್ಣಭೇದದ ಬಗ್ಗೆ, ನಡೆಸುವ ಕೆಲಸ ನನ್ನ ತಲೆಗೆ ಬಂದಿದೆ. ಹಿಂದೊಮ್ಮೆ ಈ ವಿಷಯ ಎತ್ತಿದಾಗ ಅರ್ಧ ಜನ ಬಾಯಿ ಹೊಲಿದುಕೊಂಡು ಕೂತರು, ಇಬ್ಬರು ಕಿತ್ತಾಡಿದರು. ಅನುಭವ ಇದ್ದವರು ಹೇಳಿ.

ರಾತ್ರಿಪಾಳಿ ನರ್ಸ್: ಯಾರು ವರ್ಣಭೇದ ಮಾಡುತ್ತಾರೆ, ಯಾರು ಮಾಡಲ್ಲ ಅನ್ನೋದರಿಂದ ಶುರು ಮಾಡಿದರೆ ಮುಗಿದೇ ಹೋಯಿತು, ಎಲ್ಲರೂ ತಾವು ಒಳ್ಳೆಯವರು ಅನ್ನೋದಕ್ಕೆ ಸಾಕ್ಷಿ ಹುಡುಕೋಕೆ ಹೊರಡುತ್ತಾರೆ. ಕಣ್ಣ ಮುಂದೆ ಇಡಬಹುದಾದ ಒಂದು ವಸ್ತು ತನ್ನಿ. ನಮ್ಮ ವಾರ್ಡಿನವರು ಕೂತಾಗ ನಾನು ಇಟ್ಟಿದ್ದು ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದಲ್ಲಿನ ಆಮ್ಲಜನಕ ಅಂದಾಜು ಮಾಡುತ್ತದೆ. ಕಪ್ಪು ಚರ್ಮದವರಲ್ಲಿ ಎಷ್ಟೋ ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 2020ರಲ್ಲಿ ಅಮೆರಿಕದಲ್ಲಿ ಇದನ್ನು ರಕ್ತಪರೀಕ್ಷೆ ಜೊತೆ ಹೋಲಿಸಿ ನೋಡಿದರು. ಆಮ್ಲಜನಕ ಸರಿಯಿದೆ ಅಂತ ಮೀಟರ್ ತೋರಿಸಿದರೂ ಒಳಗೆ ಕಡಿಮೆ ಇದ್ದದ್ದು ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು 3 ಪಟ್ಟು ಜಾಸ್ತಿ. ಇಲ್ಲಿ ಯಾರೂ ಯಾರನ್ನೂ ದ್ವೇಷಿಸಬೇಕಾಗಿಲ್ಲ, ಆದರೂ ಪೆಟ್ಟು ಒಂದೇ ಕಡೆ ಬೀಳುತ್ತದೆ, ಅಲ್ವಾ? ಹಾಗಾದರೆ ಇದನ್ನು ಯಾರ ಬೆರಳ ಮೇಲೆ ಪರೀಕ್ಷೆ ಮಾಡಿ ಪಾಸು ಮಾಡಿದರು, ಅಂಥ ರೋಗಿ ಬಂದರೆ ನಾವು ಏನು ಮಾಡಬೇಕು ಅಂತ ಮಾತು ತಾನಾಗಿ ಮುಂದೆ ಹೋಯಿತು. ಯಾವತ್ತೂ ಬಾಯಿಬಿಡದ ಟೆಕ್ನಿಷಿಯನ್ ಅವತ್ತು ಎಲ್ಲರಿಗಿಂತ ಜಾಸ್ತಿ ಮಾತಾಡಿದರು.

ಮೂಲೆ ಕುರ್ಚಿ: ನಮ್ಮ ಗುಂಪಿನಲ್ಲಿ ನನ್ನ ಬಣ್ಣದವಳು ನಾನೊಬ್ಬಳೇ. ವಿಷಯ ಬಂದ ಕೂಡಲೇ ಎಲ್ಲರ ಕತ್ತೂ ನನ್ನ ಕಡೆ ತಿರುಗುತ್ತದೆ, ನಿಮ್ಮವರಿಗೆ ಹೇಗನ್ನಿಸುತ್ತೆ ಹೇಳಿ ಅಂತ. ನಮ್ಮವರೆಲ್ಲ ಓಟು ಹಾಕಿ ನನ್ನನ್ನು ಕಳಿಸಿಲ್ಲ ಕಣ್ರೀ. ಮಾತಾಡುವ ಮನಸ್ಸಿದೆಯಾ ಅಂತ ಮೊದಲೇ ಬೇರೆಯಾಗಿ ಕೇಳಿ, ಇಲ್ಲ ಅಂದರೆ ಕಾರಣ ಕೇಳಬೇಡಿ. ಆಮೇಲೆ ಯಾರಾದರೂ ತಮಗಾದದ್ದು ಹೇಳಿದಾಗ 'ಅವರು ಆ ಅರ್ಥದಲ್ಲಿ ಅಂದಿರಲಿಕ್ಕಿಲ್ಲ' ಅಂತ ವಕಾಲತ್ತು ವಹಿಸೋರು ಒಬ್ಬರಾದರೂ ಇರುತ್ತಾರೆ. ಹೇಳಿ ಮುಗಿಯುವ ತನಕ ಅವರನ್ನು ತಡೆಯಿರಿ. ಅಷ್ಟು ಮಾಡಿದರೆ ಸಾಕು.

ಹಳೇ ಮೇಷ್ಟ್ರು: 'ಜನಾಂಗಗಳು ಹುಟ್ಟಿನಿಂದಲೇ ಬೇರೆ, ಇದು ವಿಜ್ಞಾನ' ಅನ್ನೋರು ಬಂದೇ ಬರುತ್ತಾರೆ, ಸಿದ್ಧವಾಗಿರಿ. 1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿದರು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಜನಸಮೂಹದ ಒಳಗೇ ಇದೆ, ಜನಾಂಗ ಜನಾಂಗಗಳ ನಡುವಿನದ್ದು ಅದಕ್ಕಿಂತ ಎಷ್ಟೋ ಕಡಿಮೆ. ಇನ್ನು ಕೆಲವರು ಇದನ್ನೇ ಹಿಡಿದು, ಜನಾಂಗ ಅನ್ನೋದೇ ಇಲ್ಲವಲ್ಲ, ಮತ್ತೆ ಮಾತಾಡೋದು ಯಾಕೆ ಅಂತಾರೆ. ಅವರಿಗೆ ನಾನು ದಕ್ಷಿಣ ಆಫ್ರಿಕಾದ ಉದಾಹರಣೆ ಕೊಡುತ್ತೇನೆ. ಅಲ್ಲಿ 1950ರ ಕಾನೂನಿನಲ್ಲಿ ಪ್ರತಿಯೊಬ್ಬರನ್ನೂ ಜನಾಂಗದ ಪಟ್ಟಿಗೆ ಸೇರಿಸಿದರು. ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಬೀಳುತ್ತದಾ ಅಂತ ನೋಡುತ್ತಿದ್ದರು! ಒಡಹುಟ್ಟಿದವರೇ ಬೇರೆ ಬೇರೆ ಪಟ್ಟಿಗೆ ಹೋದದ್ದುಂಟು. ಪರೀಕ್ಷೆ ಎಷ್ಟು ಪೊಳ್ಳಾದರೂ, ಎಲ್ಲಿ ವಾಸ ಮಾಡಬಹುದು, ಯಾರನ್ನು ಮದುವೆಯಾಗಬಹುದು ಅನ್ನೋದು ಆ ಪಟ್ಟಿಯ ಮೇಲೇ ನಿಂತಿತ್ತು.

ನೇರಮಾತು: ಮೇಲಿನವರ ಮಾತು ಒಪ್ಪಿದೆ, ಆದರೆ 'ಗೌರವದಿಂದ ಮಾತಾಡಿ' ಅನ್ನೋ ನಿಯಮದ ಬಗ್ಗೆ ನನಗೆ ತಕರಾರಿದೆ. ನಾನು ಕಂಡ ಕಡೆಯೆಲ್ಲ ಅದು ಸಿಟ್ಟಾದವರ ಬಾಯಿ ಮುಚ್ಚಿಸೋಕೇ ಬಳಕೆಯಾಗಿದೆ. ನೊಂದವರ ದನಿ ಏರುತ್ತದೆ, ಏರಲಿ. ಬೈಗುಳ ಬೇರೆ, ಸಿಟ್ಟು ಬೇರೆ. ಅದೇ ದಕ್ಷಿಣ ಆಫ್ರಿಕಾದಲ್ಲಿ 1996ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ, ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ಕೇಳೋಕೆ ಸತ್ಯ ಮತ್ತು ಸಂಧಾನ ಆಯೋಗ ಕೂತಾಗ ಜನ ತಮ್ಮ ತಮ್ಮ ಭಾಷೆಯಲ್ಲೇ ಹೇಳಿಕೊಂಡರು, ಅನುವಾದಕರಿದ್ದರು, ಅತ್ತವರನ್ನು ಯಾರೂ ಗದರಿಸಲಿಲ್ಲ. ನಿಮ್ಮ ತಂಡದಲ್ಲೂ ಬೇರೆ ಭಾಷೆಯವರಿದ್ದರೆ ಇದನ್ನು ಯೋಚಿಸಿ. ಪರಭಾಷೆಯಲ್ಲಿ ತಡವರಿಸುವವರ ಮಾತು ಒರಟಾಗಿ ಕೇಳುತ್ತದೆ, ನಿರರ್ಗಳ ಮಾತಾಡುವವರು ಸುಮ್ನೆ ಗೆದ್ದುಬಿಡುತ್ತಾರೆ.

ಕೇಳಿದವರು: ತುಂಬಾ ಉಪಯೋಗವಾಯಿತು. ವಸ್ತು ಇಟ್ಟು ಶುರು ಮಾಡುತ್ತೇನೆ. ನಡುವೆ ಯಾರಾದರೂ ಕೆಟ್ಟದಾಗಿ ಒಂದು ಮಾತು ಅಂದುಬಿಟ್ಟರೆ?

ರಾತ್ರಿಪಾಳಿ ನರ್ಸ್: ಅಲ್ಲೇ ನಿಲ್ಲಿಸಿ. ಆ ಮಾತು ಯಾಕೆ ಸರಿಯಿಲ್ಲ ಅಂತ ಎಲ್ಲರ ಮುಂದೆ ಹೇಳಿ, ಆ ಮನುಷ್ಯ ಎಂಥವನು ಅನ್ನೋದಕ್ಕೆ ಹೋಗಬೇಡಿ. ಮತ್ತೆ ಅದೇ ಮಾಡಿದರೆ ಹೊರಗೆ ಕಳಿಸಿ. ಆಮೇಲೆ ಆ ಮಾತು ತಾಗಿದವರನ್ನು ಮೊದಲು ವಿಚಾರಿಸಿ, ಅಂದವರನ್ನು ಸಮಾಧಾನ ಮಾಡೋದು ಅದರ ನಂತರ.