ಆಂಬೋಲಿ ಫೋಟೋ ಎಲ್ಲಾ ಬೂದಿ ಬಣ್ಣ, ಲೆನ್ಸ್ ಮ್ಯಾಲೆ ಮಂಜು: ಎಲ್ಲಿ ತಪ್ಪೇತ್ರಿ?

ಕುಂದಾ_ಪೆಟ್ಟಿಗೆ:
ನಮಸ್ಕಾರ್ರಿ ಎಲ್ಲಾರಿಗೂ. ಸೆಪ್ಟೆಂಬರ್ ಕೊನೇ ವಾರ ಬೆಳಗಾವಿಯಿಂದ ಮಹಾರಾಷ್ಟ್ರದ ಘಟ್ಟದ ಊರು ಆಂಬೋಲಿಗೆ ಒಂದ ದಿನದ ಟ್ರಿಪ್. ಮುಂಜಾನೆ 5:30ಕ್ಕ ಬಿಟ್ಟು 7:15ಕ್ಕ ಅಲ್ಲಿನ ಕಣಿವಿ ನೋಡೂ ಜಾಗ ಕಾವಳೆಸಾದ ಪಾಯಿಂಟ್ ಮುಟ್ಟಿದ್ದು. ಎಪಿಎಸ್-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾ, 18-55 ಮಿ.ಮೀ. ಜೂಮ್ ಲೆನ್ಸ್, ಪೋಲರೈಸರ್ (ಹೊಳಪು ತಗ್ಗಿಸಿ ಆಕಾಶ ಗಾಢ ಮಾಡೂ ತಿರುವೂ ಫಿಲ್ಟರ್), ಟ್ರೈಪಾಡ್. ಮೊದಲ ಅರ್ಧಾ ತಾಸಿನ ಫೋಟೋದಾಗ ನಡುವ ಬೆಳ್ಳಗ ಮಸುಕು, ಒರಸಿದ್ರ ಮತ್ತ ಬರ್ತಿತ್ತು. ಆಮ್ಯಾಲಿನ ಕಣಿವಿ ಫೋಟೋ ಎಲ್ಲಾ ಬೂದಿ ಬಳದಂಗ. ಪೋಲರೈಸರ್ ಎಷ್ಟ ತಿರುವಿದ್ರೂ ಆಕಾಶ ಇದ್ದಂಗ ಇತ್ತು, ಫಿಲ್ಟರ್ ಕೆಟ್ಟೈತೇನು? ಜಲಪಾತಕ್ಕ ಶಟರ್ 1 ಸೆಕೆಂಡ್ ಇಟ್ರ ಪೂರ್ತಿ ಬಿಳಿ ಹಾಳಿ. ನವೆಂಬರ್ ಮೊದಲ ವಾರ ಮತ್ತ ಹೊಂಡೂದೈತಿ, ಅದಕ್ಕ ಮೊದಲ ಇದನ್ನ ಸರಿ ಮಾಡ್ಕೋಬೇಕು.

ಘಟ್ಟದ_ಗಾಳಿ:
ಫಿಲ್ಟರ್ ಚೊಲೋ ಇರಬೇಕ್ರಿ, ನಿಂತ ದಿಕ್ಕು ತಪ್ಪೇತಿ. ಖಾತ್ರಿ ಮಾಡ್ಕೊಳ್ಳಾಕ ಲ್ಯಾಪ್‌ಟಾಪ್ ಪರದೆ ಮುಂದ ಹಿಡದು ತಿರುವ್ರಿ, ಫಿಲ್ಟರಿನ ಮುಂಭಾಗ ಪರದೆ ಕಡೆ ಇರಲಿ. ಕಾಲು ಸುತ್ತಿನಾಗ ಪರದೆ ಕಪ್ಪಾದ್ರ ಫಿಲ್ಟರ್ ಸರಿ ಐತಿ ಅಂತ ತಿಳೀರಿ.

ಪೋಲರೈಸರ್ ಜೋರಾಗಿ ಕೆಲಸ ಮಾಡೂದು ಸೂರ್ಯನಿಂದ 90 ಡಿಗ್ರಿ ಅಡ್ಡ ಇರೋ ಆಕಾಶದ ಮ್ಯಾಲೆ. ಕಾವಳೆಸಾದ ಪಶ್ಚಿಮಕ್ಕ ತೆರದ ಕಣಿವಿ. ಮುಂಜಾನೆ ಸೂರ್ಯ ನಿಮ್ಮ ಬೆನ್ನಿಗಿರ್ತಾನ, ಎದುರಿಗೆ ಪೋಲರೈಸರ್ ಸತ್ತಂಗ. ಅಲ್ಲೇ ನಿಂತು ಉತ್ತರಕ್ಕೋ ದಕ್ಷಿಣಕ್ಕೋ ಗುಡ್ಡದ ಸಾಲಿನ ಕಡೆ ತಿರುಗ್ರಿ, ಆಕಾಶ ಗಾಢ ಆಗತೈತಿ. ತೋರುಬೆರಳು ಸೂರ್ಯನ ಕಡೆ, ಹೆಬ್ಬೆರಳು ಅದಕ್ಕ ಅಡ್ಡ ಇಟ್ಟು ಕೈ ತಿರುವ್ರಿ; ಹೆಬ್ಬೆರಳು ತೋರಸೂ ಪಟ್ಟಿನಾಗ ಮಾತ್ರ ಫಿಲ್ಟರಿಗೆ ಕೆಲಸ. 18ರಾಗ ತಗದ್ರ ಆಕಾಶದಾಗ ಒಂದ ಕಡೆ ಗಾಢ ಪಟ್ಟಿ ಕಾಣತೈತಿ, ಆಗ 30ರ ಮ್ಯಾಲೆ ಜೂಮ್ ಮಾಡ್ಕೋರಿ.

ಇನ್ನ ಲೆನ್ಸ್ ಮಂಜು. ಅದು ಕಾರಿನ ಏಸಿ ಕೆಲಸ. ತಂಪಾದ ಗಾಜಿಗೆ ಹಸೀ ಗಾಳಿ ಬಡದ್ರ ನೀರು ಕೂಡತೈತಿ, ಗಾಜು ಬಿಸಿ ಆಗೂತನ ಒರಸಿದಷ್ಟೂ ಮತ್ತ ಬರತೈತಿ. ಕೊನೇ 30 ನಿಮಿಷ ಏಸಿ ಬಂದ್ ಮಾಡಿ ಖಿಡಕಿ ತಗೀರಿ. ಮಳಿ ಇದ್ರ ಕ್ಯಾಮೆರಾ ಜಿಪ್ ಇರೋ ಪ್ಲಾಸ್ಟಿಕ್ ಚೀಲದಾಗ ಬಿಗಿದಿಟ್ಟು, ಹೊರಗ ಇಳದ ಮ್ಯಾಲೆ 20 ನಿಮಿಷ ಚೀಲ ತಗೀಬ್ಯಾಡ್ರಿ, ಹನಿ ಚೀಲದ ಮ್ಯಾಲೆ ಕೂಡತಾವ. ಮಂಜು ಹಿಡದಾಗ ಲೆನ್ಸ್ ಮಾತ್ರ ಬದಲಾಯಿಸಬ್ಯಾಡ್ರಿ, ಆ ಹಸಿ ಒಳಗ ಹೊಕ್ಕೈತಿ.

ಅಪರ್ಚರ್_ಎಂಟು:
ಬೂದಿ ಬಣ್ಣಕ್ಕೆ ಎರಡು ಕಾರಣ, ಬೇರೆ ಬೇರೆ ಮಾಡಿ ನೋಡಬೇಕು.

ಒಂದು, ಕ್ಯಾಮೆರಾದ ಬೆಳಕು ಅಳೆಯುವ ಮೀಟರ್. ಚೌಕಟ್ಟಿನ ತುಂಬ ಮಂಜಿದ್ದರೆ ಅದು ಬಿಳಿಯನ್ನೂ ನಡುಬೂದಿಗೆ ಎಳೆಯುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7ರಿಂದ +1ಕ್ಕೆ ಏರಿಸಿ, ಹಿಸ್ಟೋಗ್ರಾಂನ (ಚಿತ್ರದಲ್ಲಿ ಕಪ್ಪಿನಿಂದ ಬಿಳಿವರೆಗಿನ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ಬಲಗಡೆಗೆ ಸರಿಯಲಿ, ಬಲಗೋಡೆಗೆ ಅಂಟದಿರಲಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆದಿದ್ದರೆ ಈಗಲೂ ಎಡಿಟಿಂಗ್‌ನಲ್ಲಿ ಬ್ಲ್ಯಾಕ್ಸ್ ಇಳಿಸಿ, ಮಸುಕು ತಗ್ಗಿಸುವ ಡಿಹೇಜ್ 15-20 ಕೊಟ್ಟು ನೋಡಿ. 40 ದಾಟಿದರೆ ಆಕಾಶದಲ್ಲಿ ಕಲೆ ಕಾಣುತ್ತದೆ.

ಎರಡು, ಬೆಳಕು. ಇದೇ ಮುಖ್ಯ. ಸೆಪ್ಟೆಂಬರ್ ಕೊನೆಗೆ ಬೆಳಗಾವಿ ಸೀಮೆಯಲ್ಲಿ ಸೂರ್ಯೋದಯ ಸುಮಾರು 6:20. ಪಶ್ಚಿಮಕ್ಕೆ ಮುಖ ಮಾಡಿದ ಘಟ್ಟದ ಗೋಡೆ ಬೆಳಿಗ್ಗೆ ತನ್ನದೇ ನೆರಳನ್ನು ಕಣಿವೆ ಮೇಲೆ ಚಾಚುತ್ತದೆ. ಗೋಡೆ 500 ಮೀಟರ್ ಎತ್ತರ ಅಂದುಕೊಳ್ಳಿ: ಸೂರ್ಯ 10 ಡಿಗ್ರಿ ಏರಿದಾಗ, ಅಂದರೆ 7 ಗಂಟೆ ಸುಮಾರಿಗೆ, ನೆರಳು 2.8 ಕಿ.ಮೀ. ದೂರ ಇರುತ್ತದೆ. 20 ಡಿಗ್ರಿಗೆ, ಸುಮಾರು 7:45ಕ್ಕೆ, 1.4 ಕಿ.ಮೀ.ಗೆ ಇಳಿಯುತ್ತದೆ. ಈ ಮುಕ್ಕಾಲು ಗಂಟೆಯಲ್ಲಿ ನೆರಳಿನ ಅಂಚು ಕಣಿವೆ ಮೇಲೆ ನಿಮ್ಮ ಕಡೆಗೆ ಜರುಗುತ್ತಾ ಬರುತ್ತದೆ, ಒಳ್ಳೆಯ ಚಿತ್ರ ಆ ಅಂಚಿನಲ್ಲೇ ಇದೆ. ನೀವು ಮುಟ್ಟಿದ್ದು 7:15ಕ್ಕೆ, ಲೆನ್ಸ್ ಒರೆಸಿದ್ದು 7:45ರವರೆಗೆ. ಹೋಯಿತಲ್ಲ! ಬೆಳಗಾವಿ ಬಿಡುವ ಹೊತ್ತು 4:30 ಆಗಬೇಕಿತ್ತು. ಆಮೇಲೆ ಬೆನ್ನಹಿಂದಿನ ಬೆಳಕು ಚಪ್ಪಟೆ, ಎಂಥ ಲೆನ್ಸ್ ಹಾಕಿದರೂ ಅಷ್ಟೇ.

ಸಂಜೆ ಅದೇ ಜಾಗ ಬೇರೆ ಆಟ. ಸೂರ್ಯ ಎದುರಿಗೆ ಬರುವುದರಿಂದ ಮಸುಕು ಇನ್ನೂ ಹೆಚ್ಚುತ್ತದೆ, ಆದರೆ ಅದನ್ನೇ ಬಳಸಿಕೊಳ್ಳಬಹುದು. 55-200ರಂಥ ಲೆನ್ಸ್ ಹಾಕಿ 100-150ರಲ್ಲಿ ಗುಡ್ಡದ ಸಾಲುಗಳನ್ನು ಒಂದರ ಹಿಂದೊಂದು ಒತ್ತಿ ಹಿಡಿಯಿರಿ. ಆಂಬೋಲಿಗೆ 18-55 ಒಂದೇ ಸಾಲದು ಅಂತ ನನ್ನ ಅಭಿಪ್ರಾಯ.

ಜಲಪಾತದ್ದು ಬರೀ ಲೆಕ್ಕ. ಮೋಡದ ಬೆಳಕಲ್ಲಿ ಐಎಸ್‌ಒ 100, ಎಫ್/8ಕ್ಕೆ (ಎಫ್ ಅಂದರೆ ಲೆನ್ಸ್ ರಂಧ್ರದ ಅಳತೆ, ಅಂಕಿ ಹೆಚ್ಚಿದಷ್ಟೂ ರಂಧ್ರ ಕಿರಿದು) ಸುಮಾರು 1/60 ಸೆಕೆಂಡ್ ಬರುತ್ತದೆ. 1 ಸೆಕೆಂಡ್ ಅಂದರೆ 6 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ) ಹೆಚ್ಚು ಬೆಳಕು, ಬಿಳಿ ಹಾಳೆ ಆಗದೆ ಇನ್ನೇನು? ಪೋಲರೈಸರ್ ಹಾಕಿದರೆ ಸುಮಾರು 2 ಸ್ಟಾಪ್ ಕಡಿಮೆ, 1/15. ಎಫ್/11ಕ್ಕೆ ಹೋದರೆ 1/8. ನೀರಿನ ಎಳೆ ಕಾಣಲು 1/8ರಿಂದ 1/4 ಸಾಕು. 1 ಸೆಕೆಂಡೇ ಬೇಕಿದ್ದರೆ ಬೆಳಕನ್ನು 6 ಸ್ಟಾಪ್ ತಗ್ಗಿಸುವ ಫಿಲ್ಟರ್ ಎನ್‌ಡಿ64 ಕೊಳ್ಳಿ. ಎಫ್/22 ಮಾಡಬೇಡಿ, ಡಿಫ್ರಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ) ಇಡೀ ಚಿತ್ರ ಮೆತ್ತಗಾಗುತ್ತದೆ.

ಘಟ್ಟದ_ಗಾಳಿ:
ಒಂದ ಸೇರಸ್ತೀನ್ರಿ. ಜೋರು ಮಳಿಗಾಲದಾಗ ಕಾವಳೆಸಾದದಾಗ ಗಾಳಿ ಕಣಿವಿಯಿಂದ ಮ್ಯಾಲೆ ಹೊಡೀತೈತಿ, ಬೀಳೂ ನೀರನ್ನ ತಿರುಗಿ ಮ್ಯಾಲೆ ಎಗರಸತೈತಿ. ಹನಿ ಕೆಳಗಿಂದ ಬರೂದ್ರಿಂದ ಲೆನ್ಸ್ ಹುಡ್ ಉಪಯೋಗ ಇಲ್ಲ, ಛತ್ರಿ ಅಂತೂ ಉಲ್ಟಾ. ಟ್ರೈಪಾಡ್ ನಡುವಿನ ಕಂಬ ಏರಸಬ್ಯಾಡ್ರಿ, ಬ್ಯಾಗ್ ತೂಗಬಿಟ್ರ ಅದು ನೆಲ ಮುಟ್ಟಂಗಿರಲಿ, ಇಲ್ಲಾಂದ್ರ ಅದ ಜೋಕಾಲಿ ಆಡತೈತಿ.

ಕುಂದಾ_ಪೆಟ್ಟಿಗೆ:
ಲ್ಯಾಪ್‌ಟಾಪ್ ಮುಂದ ತಿರುವಿದೆ, ಕಪ್ಪಾತು. ಫಿಲ್ಟರ್ ಬಚಾವ್. ನವೆಂಬರಿಗೆ ಗೋಕಾಕೋ ಬಾದಾಮಿಯೋ ಹೇಳ್ರಿ ಅಣ್ಣಾರ.

ಕರದಂಟು_ಕ್ಲಿಕ್:
ನಮ್ಮೂರ ಫಾಲ್ಸ್ ನವೆಂಬರಿಗೆ ನೆಚ್ಚಬ್ಯಾಡ್ರಿ. 52 ಮೀಟರ್ ಎತ್ತರ ಖರೇ, ಆದ್ರ ನೀರು ಮ್ಯಾಲಿನ ಹಿಡಕಲ್ ಡ್ಯಾಮಿನಿಂದ ಎಷ್ಟ ಬಿಡ್ತಾರ ಅನ್ನೂದರ ಮ್ಯಾಲೆ. ಆಗಸ್ಟ್-ಸೆಪ್ಟೆಂಬರಿನ್ಯಾಗ ಬರ್ರಿ. ಆಗ ನೀರು ಕೆಂಪು, 2 ಸೆಕೆಂಡ್ ಇಟ್ರ ಚಹಾ ಸುರದಂಗ ಕಾಣತೈತಿ. 1/250ಕ್ಕ ತಗದ್ರ ಆ ಅಬ್ಬರ ಬರತೈತಿ. ತೂಗುಸೇತುವಿ ಮ್ಯಾಲೆ ಬಿಟ್ರೂ ಟ್ರೈಪಾಡ್ ಇಡಬ್ಯಾಡ್ರಿ, ಒಬ್ಬ ನಡದ್ರೂ ಅಲಗತೈತಿ.

ಕೆಂಪುಕಲ್ಲು:
ಹಾಗಾದರೆ ಬಾದಾಮಿ. ಸುಮಾರು 150 ಕಿ.ಮೀ., ಮೂರರಿಂದ ಮೂರೂವರೆ ತಾಸು. ಸೂರ್ಯೋದಯದ ಆಸೆ ಬಿಡಿ, ಇದು ಸಂಜೆಯ ಊರು. ಅಗಸ್ತ್ಯ ತೀರ್ಥದ ಪೂರ್ವ ದಂಡೆಯ ಭೂತನಾಥ ಗುಡಿ ಪಶ್ಚಿಮಕ್ಕೆ, ಕೆರೆಯ ಕಡೆ ಮುಖ ಮಾಡಿದೆ, ಇಳಿಬೆಳಕು ನೇರ ಅದರ ಮೇಲೆ. ಬಾದಾಮಿ ಬೆಳಗಾವಿಗಿಂತ ಒಂದು ರೇಖಾಂಶಕ್ಕೂ ಹೆಚ್ಚು ಪೂರ್ವಕ್ಕಿದೆ, ಹೊತ್ತು 5 ನಿಮಿಷ ಮೊದಲೇ ಮುಳುಗುತ್ತದೆ: ನವೆಂಬರ್ ಮೊದಲ ವಾರ 6 ಗಂಟೆಗೆ ಸ್ವಲ್ಪ ಮುಂಚೆ. ಆದರೆ ಅಲ್ಲಿಯವರೆಗೆ ಕಾಯಬೇಡಿ, ಸೂರ್ಯ ಆಗ ನೈಋತ್ಯಕ್ಕೆ ವಾಲಿರುವುದರಿಂದ ದಕ್ಷಿಣದ ಬಂಡೆಯ ನೆರಳು ಮೊದಲೇ ನೀರಿಗೆ ಬರಬಹುದು. 4:15ಕ್ಕೆ ಜಾಗ ಹಿಡಿದಿರಿ.

ಮರಳುಗಲ್ಲಿನ ಕೆಂಪಿಗೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, ಆ ಕೆಂಪನ್ನೇ ತೊಳೆದುಬಿಡುತ್ತದೆ, ಡೇಲೈಟ್‌ಗೆ ಹಾಕಿ. ಹಿಸ್ಟೋಗ್ರಾಂನಲ್ಲಿ ಕೆಂಪು ಚಾನೆಲ್ ಬೇರೆಯಾಗಿ ನೋಡಿ, ಮೊದಲು ಒಡೆಯುವುದು ಅದೇ. ಪೋಲರೈಸರ್ ಪೂರ್ತಿ ತಿರುಗಿಸಿದರೆ ನೀರಿನ ಪ್ರತಿಬಿಂಬ ಅಳಿಸಿಹೋಗುತ್ತದೆ, ಅರ್ಧಕ್ಕೆ ನಿಲ್ಲಿಸಿ. ಸ್ಮಾರಕದೊಳಗೆ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬ್ಯಾಗಿನ ಜಿಪ್ ಪೂರ್ತಿ ಎಳೆದಿರಲಿ, ಮಂಗಗಳಿಗೆ ಬಿಸ್ಕತ್ತೂ ಲೆನ್ಸ್ ಕ್ಯಾಪೂ ಒಂದೇ.

ಕುಂದಾ_ಪೆಟ್ಟಿಗೆ:
ಬಾದಾಮಿ ನಕ್ಕಿ. ಮುಂಜಾನೆ 10ಕ್ಕ ಬಿಡ್ತೀನಿ.

ಕರದಂಟು_ಕ್ಲಿಕ್:
ಬರೂಮುಂದ ಒಂದ ತಾಸು ಹೆಚ್ಚಿಗಿ ಇಟ್ಕೋರಿ. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಲೈಟ್ ಇಲ್ಲದ ಹೊಂಟಿರತಾವ.