‘ಗರ್ಭಪಾತ ಕಾನೂನುಬದ್ಧವಾಗಿರಬೇಕು’: ಚರ್ಚಾಸ್ಪರ್ಧೆಗೆ ಹುಡುಗರನ್ನ ಹೆಂಗ ತಯಾರು ಮಾಡೋದು?

ಉಪನ್ಯಾಸಕರು, ಅಥಣಿ

ಅಂತರಕಾಲೇಜು ಚರ್ಚಾಸ್ಪರ್ಧೆಗೆ ಈ ವಿಷಯ ಕೊಟ್ಟಾರ. ಪರ ಒಬ್ಬ, ವಿರೋಧ ಒಬ್ಬಾಕಿ, ತಲಾ ಐದು ನಿಮಿಷ, ಆಮೇಲೆ ಮರುಪ್ರಶ್ನೆ. ಬರೆದು ತಂದ ಭಾಷಣ ನೋಡಿದರ ಪರದ ಹುಡುಗ ‘ಭ್ರೂಣಹತ್ಯೆ ಮಹಾಪಾಪ, ಆದರೂ’ ಅಂತ ಶುರು ಮಾಡ್ಯಾನ. ವಿರೋಧದ ಹುಡುಗಿ ‘ನಮ್ಮ ದೇಶದಾಗ ಇದು ಅಪರಾಧ’ ಅಂತ ಮುಗಿಸ್ಯಾಳ. ವಕೀಲರು, ದವಾಖಾನಿಯವರು, ತೀರ್ಪುಗಾರರಾಗಿ ಕೂತವರು ಯಾರಿದ್ದೀರಿ, ಏನು ತಿಳಿಸಬೇಕು, ಎಲ್ಲಿ ಎಡವತಾರ ಹೇಳ್ರಿ.

ವಕೀಲರು, ಬಾಗಲಕೋಟೆ

ಹುಡುಗಿ ಹೇಳಿದ್ದು ಅರ್ಧ ಖರೆ. ಅದನ್ನು ಅಳಿಸಬೇಡಿ, ಪೂರ್ತಿ ಮಾಡಿಸಿ. ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಡಿ ಗರ್ಭಪಾತ ಮಾಡಿಸುವುದು ಇವತ್ತಿಗೂ ಅಪರಾಧವೇ. ಮೂರು ವರ್ಷದವರೆಗೆ ಜೈಲು, ಹೊಟ್ಟೆಯಲ್ಲಿ ಕೂಸು ಮಿಸುಕಾಡಲು ಶುರುವಾದ ಮೇಲಾದರೆ ಏಳು ವರ್ಷದವರೆಗೆ. ತಾನೇ ಮಾಡಿಕೊಂಡ ಹೆಣ್ಣುಮಗಳೂ ಅದರೊಳಗೆ ಬರುತ್ತಾಳೆ. 2024ರ ಜುಲೈ 1ರವರೆಗೆ ಇದೇ ಐಪಿಸಿ 312 ಆಗಿತ್ತು. ಅವಳ ಒಪ್ಪಿಗೆಯಿಲ್ಲದೆ ಮಾಡಿಸಿದರೆ 89ನೇ ಕಲಂ, ಶಿಕ್ಷೆ ಜೀವಾವಧಿಯವರೆಗೂ ಹೋಗುತ್ತದೆ.

ಈ ಅಪರಾಧಕ್ಕೆ ವಿನಾಯಿತಿ ಕೊಟ್ಟದ್ದು 1971ರ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆ. 2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಗೆ ಬಂತು. ಈಗ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ವೈದ್ಯರು ಬೇಕು, ಅದೂ ನಿಯಮಗಳಲ್ಲಿ ಪಟ್ಟಿ ಮಾಡಿದವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ತೀವ್ರ ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು, ಭ್ರೂಣದಲ್ಲಿ ಗಂಭೀರ ದೋಷ ಕಂಡವರು, ವಿಪತ್ತಿನಲ್ಲಿ ಸಿಕ್ಕವರು. 24 ದಾಟಿದರೆ ಭ್ರೂಣದ ಗಂಭೀರ ದೋಷಕ್ಕಷ್ಟೇ ಅವಕಾಶ, ವೈದ್ಯಕೀಯ ಮಂಡಳಿ ಒಪ್ಪಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ ವಾರದ ಲೆಕ್ಕವೇ ಇಲ್ಲ.

ಇಷ್ಟರಲ್ಲೂ ‘ನನಗೆ ಬೇಡ’ ಎಂಬ ಒಂದೇ ಕಾರಣಕ್ಕೆ ಕೊಡು ಎಂದು ಎಲ್ಲೂ ಬರೆದಿಲ್ಲ. ಜೀವಕ್ಕೆ ಅಪಾಯ, ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಹಾನಿ, ಭ್ರೂಣದ ದೋಷ, ಇವುಗಳಲ್ಲಿ ಒಂದನ್ನು ವೈದ್ಯರು ಒಪ್ಪಿ ಬರೆಯಬೇಕು. ಗರ್ಭನಿರೋಧಕ ವಿಫಲವಾದರೆ ಅದನ್ನೇ ಮಾನಸಿಕ ಹಾನಿ ಎಂದು ಭಾವಿಸಬಹುದು ಎಂದಿದೆ, ಆ ಕಿಂಡಿಯಿಂದಲೇ ಹೆಚ್ಚಿನವರು ಒಳಗೆ ಬರುವುದು. ನನ್ನ ಪ್ರಕಾರ ಇಲ್ಲಿ ನಿಜವಾದ ಜಗಳ ಇರುವುದು ತೀರ್ಮಾನ ಯಾರದು, ಎಷ್ಟು ವಾರದವರೆಗೆ ಎಂಬುದರಲ್ಲಿ. ಪರದ ಹುಡುಗ ‘88ನೇ ಕಲಂ ತೆಗೆಯಿರಿ, 20 ವಾರದವರೆಗೆ ಅವಳ ಮಾತೇ ಸಾಕಾಗಲಿ’ ಎಂದರೆ ಅದು ವಾದ. ‘ಕಾನೂನುಬದ್ಧ ಮಾಡಿ’ ಎಂದಷ್ಟೇ ಕೂಗಿದರೆ, 1972ರ ಏಪ್ರಿಲಿನಿಂದಲೇ ಕಾಯ್ದೆ ಜಾರಿಯಲ್ಲಿದೆಯಲ್ಲಪ್ಪಾ ಎಂದು ಎದುರಿನವರು ಒಂದೇ ಮಾತಿನಲ್ಲಿ ಕೂರಿಸುತ್ತಾರೆ.

‘ಭ್ರೂಣಹತ್ಯೆ’ ಬೇರೆ ಕಥೆ. ಹೆಣ್ಣೋ ಗಂಡೋ ಎಂದು ನೋಡುವುದನ್ನು ತಡೆಯುವುದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಅಲ್ಲಿ ಅಪರಾಧ ಸ್ಕ್ಯಾನಿಂಗ್ ಕೋಣೆಯಲ್ಲೇ ಮುಗಿದಿರುತ್ತದೆ. ಲಿಂಗ ಹೇಳಿದರೆ ಸಾಕು, ಗರ್ಭಪಾತ ಆಗಬೇಕಂತಲೂ ಇಲ್ಲ. 24ನೇ ಕಲಂ ಕೂಡ ಓದಿಸಿ. ಗಂಡನೋ ಮನೆಯವರೋ ಅವಳನ್ನು ಒತ್ತಾಯ ಮಾಡಿದ್ದಾರೆಂದೇ ನ್ಯಾಯಾಲಯ ಮೊದಲು ಭಾವಿಸಿಕೊಳ್ಳುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ಅವರ ಮೇಲೆ. ನಮ್ಮ ಗಡಿಭಾಗದಲ್ಲಿ ಈ ಎರಡು ಕಾಯ್ದೆ ಕಲಸಿಹೋಗಲು ಕಾರಣವೂ ಇದೆ. 2017ರ ಮಾರ್ಚಿನಲ್ಲಿ ಕಾಗವಾಡದ ಆಚೆ ಮಹಾರಾಷ್ಟ್ರದ ಮ್ಹೈಸಾಳದಲ್ಲಿ 19 ಭ್ರೂಣ ಹೂತಿಟ್ಟದ್ದು ಸಿಕ್ಕಿತು. ಅದಾದ ಮೇಲೆ ಈ ಭಾಗದಲ್ಲಿ ಗರ್ಭಪಾತ ಅಂದ ಕೂಡಲೇ ಜನರ ಕಣ್ಣಿಗೆ ಅದೇ ಬರುತ್ತದೆ. ಆ ಪ್ರಕರಣ ಹೊರಬಿದ್ದದ್ದೇ ಒಬ್ಬ ಹೆಣ್ಣುಮಗಳು ಸತ್ತದ್ದರಿಂದ ಅನ್ನೋದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಔಷಧ ಅಂಗಡಿ, ಜಮಖಂಡಿ

ವಕೀಲ್ರು ಹೇಳಿದ್ದಕ್ಕ ಒಂದು ಸೇರಸ್ತೀನ್ರಿ. ಗರ್ಭಪಾತದ ಗುಳಿಗಿ ಕಿಟ್‌ನ್ಯಾಗ ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಒಂದು, ಮಿಸೊಪ್ರೊಸ್ಟಾಲ್ 200 ಮೈಕ್ರೋಗ್ರಾಂ ನಾಲ್ಕು ಇರ್ತಾವ. ಕಾಯ್ದೆ ಪ್ರಕಾರ 9 ವಾರದೊಳಗ, ಡಾಕ್ಟರ್ ಚೀಟಿ ಇದ್ದರ ಮಾತ್ರ. ಲಿಂಗಪತ್ತೆ ತಪಾಸಣಿ ಜೋರಾದಾಗ ‘ಈ ತಲಿನೋವ ಬ್ಯಾಡ’ ಅಂತ ಕಿಟ್ ಇಡೋದನ್ನೇ ಬಿಟ್ಟ ಅಂಗಡಿ ಅದಾವ. ಆದರ 9 ವಾರದಾಗ ಸ್ಕ್ಯಾನಿಂಗ್‌ನ್ಯಾಗ ಲಿಂಗ ಕಾಣೂದಿಲ್ಲ! ಅಂದಮ್ಯಾಲ ಕಿಟ್ ತಡೆದರ ಹೆಣ್ಣುಕೂಸು ಹೆಂಗ ಉಳಿತೈತಿ? ತಡೆದಿದ್ದಕ್ಕ ಆಗೋದು ಒಂದ, ಆಕಿ ಮೂರನೇ, ನಾಲ್ಕನೇ ತಿಂಗಳಿಗೆ ನಕಲಿ ಡಾಕ್ಟರ್ ಕಡೆ ಹೋಗ್ತಾಳ. ಪರದ ಹುಡುಗಗ ಇದನ್ನ ಕಲಿಸ್ರಿ, ಎದುರಿನವರ ಹತ್ರ ಉತ್ತರ ಇರೂದಿಲ್ಲ.

ಶುಶ್ರೂಷಾ ಬೋಧಕಿ, ವಿಜಯಪುರ

ಹುಡುಗರು ವಾರದ ಲೆಕ್ಕದಲ್ಲೇ ತಪ್ಪುತ್ತಾರೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿತೆಂದು ಗೊತ್ತಾಗುವಷ್ಟರಲ್ಲೇ ನಾಲ್ಕು ವಾರ ಮುಗಿದಿರುತ್ತದೆ. ಭ್ರೂಣದ ಅಂಗಾಂಗ ನೋಡುವ ಸ್ಕ್ಯಾನ್ 18ರಿಂದ 20 ವಾರಕ್ಕೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರು ಬಿಟ್ಟವಳಿಗೆ ಆ ಸ್ಕ್ಯಾನ್ ತಪ್ಪುತ್ತದೆ, ತಿರುಗಿ ಬಂದಾಗ 23, 24 ವಾರ. ‘ಅಷ್ಟು ದಿನ ಏನು ಮಾಡುತ್ತಿದ್ದಳು’ ಎಂಬ ವಿರೋಧದವರ ಮಾಮೂಲಿ ಪ್ರಶ್ನೆಗೆ ಇದು ಉತ್ತರ.

ಸುರಕ್ಷತೆಯ ಬಗ್ಗೆ ಬರೀ ‘ಅಸುರಕ್ಷಿತ ಗರ್ಭಪಾತದಿಂದ ಸಾಯುತ್ತಾರೆ’ ಎಂದರೆ ಸಾಲದು. ಹೇಗೆ ಸಾಯುತ್ತಾರೆ ಹೇಳಬೇಕು. ಗರ್ಭಕೋಶದಲ್ಲಿ ಚೂರು ಉಳಿದು ರಕ್ತ ನಿಲ್ಲದಿರುವುದು. ಕಡ್ಡಿ ಅಥವಾ ಸಲಕರಣೆ ಗರ್ಭಕೋಶದ ಗೋಡೆ ತೂತು ಮಾಡುವುದು. ನಂಜು ರಕ್ತಕ್ಕೇರುವುದು. ನಾಲ್ಕನೆಯದು ಕಣ್ಣಿಗೆ ಬೀಳದ್ದು: ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಗುಳಿಗೆ ಅದಕ್ಕೆ ಕೆಲಸ ಮಾಡುವುದಿಲ್ಲ. ಸ್ವಲ್ಪ ರಕ್ತ ಹೋಯಿತು, ಮುಗಿಯಿತು ಎಂದುಕೊಂಡಿರುವಾಗ ನಳಿಕೆ ಒಡೆಯುತ್ತದೆ. ಅದಕ್ಕೇ ಗುಳಿಗೆಗೆ ಮುಂಚೆ ಪರೀಕ್ಷೆ, ಹಿಮೋಗ್ಲೋಬಿನ್, ರಕ್ತದ ಗುಂಪು, ಎರಡು ವಾರದ ನಂತರ ಮರುಭೇಟಿ. ಒಂದು ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವುದು ಎರಡು ಗಂಟೆ ಸತತ ನಡೆದರೆ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಜ್ವರ, ವಾಸನೆಯ ಸ್ರಾವ, ತಲೆಸುತ್ತಿದ್ದರೂ ಹಾಗೆಯೇ. ಇನ್ನೊಂದು, 12 ವಾರದೊಳಗೆ ಕೈಪಂಪಿನ ನಿರ್ವಾತ ವಿಧಾನ ಇದೆ. ಹಳೆಯ ಕೆರೆಯುವ ವಿಧಾನವನ್ನು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ.

ಚರ್ಚಾಸ್ಪರ್ಧೆಗಳ ತೀರ್ಪುಗಾರರು, ಬೆಳಗಾವಿ

ಅಮೆರಿಕದ ಉದಾಹರಣೆ ತರುವವರು ಗರ್ಭಪಾತವನ್ನು ಸಂವಿಧಾನದ ಹಕ್ಕು ಎಂದಿದ್ದ 1973ರ ರೋ ತೀರ್ಪು ಇನ್ನೂ ಬದುಕಿದೆ ಎಂಬಂತೆ ಮಾತಾಡುತ್ತಾರೆ. 2022ರ ಜೂನ್ 24ಕ್ಕೆ ಅದು ರದ್ದಾಗಿದೆ. ಅಷ್ಟಕ್ಕೂ ಬೆಳಗಾವಿಯ ವೇದಿಕೆಯಲ್ಲಿ ನಿಂತು ಅಮೆರಿಕಕ್ಕೆ ಹೋಗುವ ಅಗತ್ಯವೇ ಇಲ್ಲ.

ಸವಿತಾ ಹಾಲಪ್ಪನವರ ತಂದೆತಾಯಿ ಬೆಳಗಾವಿಯವರು. ದಂತವೈದ್ಯೆ, ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012ರ ಅಕ್ಟೋಬರ್ 21ರಂದು, 17 ವಾರದ ಗರ್ಭ ತಾನಾಗಿ ಜಾರುತ್ತಿದ್ದಾಗ ಆಸ್ಪತ್ರೆಗೆ ಸೇರಿದರು. ಕೂಸು ಉಳಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಕೇಳಿದರೆ, ಭ್ರೂಣದ ಎದೆಬಡಿತ ಇರುವವರೆಗೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ನಂಜೇರಿ ಅಕ್ಟೋಬರ್ 28ಕ್ಕೆ ತೀರಿಕೊಂಡರು, ವಯಸ್ಸು 31. 2018ರ ಮೇ 25ರ ಜನಮತದಲ್ಲಿ ಶೇಕಡಾ 66.4 ಜನ ಆ ನಿಷೇಧವನ್ನು ಸಂವಿಧಾನದಿಂದ ಕಿತ್ತುಹಾಕಲು ಮತ ಹಾಕಿದರು.

ಪರದವನಿಗೆ ಇದನ್ನು ಕೊಡಿ, ಆದರೆ ಕಣ್ಣೀರಿಗೆ ಬಳಸಲು ಬಿಡಬೇಡಿ. ವಾದ ಇರುವುದು ಇಲ್ಲಿ: ಅಲ್ಲಿಯೂ ತಾಯಿಯ ಜೀವಕ್ಕೆ ಅಪಾಯವಿದ್ದರೆ ಅವಕಾಶವಿತ್ತು. ಅಪಾಯ ಯಾವಾಗ ‘ಸಾಕಷ್ಟು’ ಆಯಿತು ಎಂದು ವೈದ್ಯರು ಕಾನೂನಿಗೆ ಹೆದರಿಕೊಂಡು ಕಾಯುತ್ತ ಕುಳಿತರು. ಜೀವ ಉಳಿಸುವ ವಿನಾಯಿತಿಯೊಂದನ್ನೇ ಇಟ್ಟರೆ ಸಾಕು ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಅದು. ವಿರೋಧದ ಹುಡುಗಿ ಇದಕ್ಕೆ ಮೊದಲೇ ಸಿದ್ಧವಿರಲಿ. ಚಿಕಿತ್ಸೆಯಲ್ಲೂ ಲೋಪಗಳಾಗಿದ್ದವು, ನಂಜನ್ನು ಸಮಯಕ್ಕೆ ಗುರುತಿಸಲಿಲ್ಲ ಎಂದು ಅಲ್ಲಿನ ತನಿಖೆಗಳೇ ಹೇಳಿವೆ, ಅದನ್ನು ಅವಳು ಹಿಡಿಯಬಹುದು.

ತತ್ವಶಾಸ್ತ್ರ ಉಪನ್ಯಾಸಕರು, ವಿಜಯಪುರ

ಎಲ್ಲರೂ ಪರಕ್ಕೇ ಬುತ್ತಿ ಕಟ್ಟಿಕೊಟ್ಟಿರಿ! ವಿರೋಧದಾಕಿಗೂ ಗಟ್ಟಿ ಕಾಳು ಇದ್ದಾವೆ.

ಒಂದು, 2023ರ ಅಕ್ಟೋಬರ್ 16ರ ಸುಪ್ರೀಂ ಕೋರ್ಟ್ ಆದೇಶ. ಎರಡು ಮಕ್ಕಳ ತಾಯಿ, ಬಾಣಂತನದ ನಂತರದ ಮಾನಸಿಕ ಕಾಯಿಲೆಗೆ ಔಷಧಿ ನಡೆದಿತ್ತು, 26 ವಾರ ದಾಟಿತ್ತು. ಭ್ರೂಣಕ್ಕೆ ದೋಷವಿಲ್ಲ, ಹೊರಬಂದರೆ ಬದುಕುವ ಸಾಧ್ಯತೆ ಇದೆ ಎಂದು ವೈದ್ಯರು ಹೇಳಿದರು, ನ್ಯಾಯಾಲಯ ಅನುಮತಿ ಕೊಡಲಿಲ್ಲ. ಹೊರಗೆ ಬದುಕಬಲ್ಲ ಕೂಸಿನ ಎದೆಬಡಿತ ನಿಲ್ಲಿಸು ಎಂದು ವೈದ್ಯರಿಗೆ ಯಾರು ಹೇಳಬೇಕು? ಇದು ಸುಲಭದ ಪ್ರಶ್ನೆ ಅಲ್ಲ, ಪರದವನು ತಡವರಿಸುತ್ತಾನೆ.

ಎರಡು, ಅಂಗವೈಕಲ್ಯ. ಆರೋಗ್ಯವಂತ ಭ್ರೂಣಕ್ಕೆ 24 ವಾರದ ಗಡಿ, ದೋಷವಿದ್ದರೆ ಗಡಿಯೇ ಇಲ್ಲ. ಹುಟ್ಟಿದ ಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಬ್ಬರೂ ಸಮಾನ ಅನ್ನುತ್ತದೆ, ಹುಟ್ಟುವ ಮೊದಲು ಯಾಕೆ ಬೇರೆ ತಕ್ಕಡಿ? ಕೈಗೆ ಸಿಕ್ಕ ಅತ್ಯುತ್ತಮ ವಿರೋಧ ಇದೇ ಎಂದು ನನ್ನ ಎಣಿಕೆ, ಸ್ಪರ್ಧೆಗಳಲ್ಲಿ ಯಾರೂ ಎತ್ತುವುದಿಲ್ಲ. ಧರ್ಮದ ಮಾತು ಆಡಬಾರದೆಂದಿಲ್ಲ, ಆದರೆ ಬೇರೆ ಧರ್ಮದವರೂ ಒಪ್ಪುವಂಥ ಕಾರಣ ಜೊತೆಗೆ ಇಡಬೇಕು. ಇಲ್ಲದಿದ್ದರೆ ಅದು ಪ್ರವಚನ.

ಉಪನ್ಯಾಸಕರು, ಅಥಣಿ

ಭಾಳ ಉಪಕಾರ ಆತ್ರಿ. ಮರುಪ್ರಶ್ನೆದಾಗ ಗಂಡನ ಸಹಿ ಬೇಕೋ ಬ್ಯಾಡೋ ಅಂತ ಕೇಳೇ ಕೇಳ್ತಾರ. 17ಕ್ಕ ಮದುವಿಯಾದ ಹುಡುಗಿ, ಮದುವಿ ಆಗದಾಕಿ, ಇವರ ಕಥಿ ಏನು?

ವಕೀಲರು, ಬಾಗಲಕೋಟೆ

ಗಂಡನ ಸಹಿ ಬೇಡ. ಒಪ್ಪಿಗೆ ಪತ್ರ ಫಾರ್ಮ್ ಸಿ, 18 ತುಂಬಿದವಳಾದರೆ ಅವಳೊಬ್ಬಳ ಸಹಿ. ಆಸ್ಪತ್ರೆಗಳು ಕೇಳುವುದು ನಾಳೆ ಗಂಡನ ಮನೆಯವರು ಬಂದು ಗಲಾಟೆ ಮಾಡಬಾರದೆಂದು, ಕಾಯ್ದೆಯಲ್ಲಿದೆ ಎಂದಲ್ಲ. ಅವಳ ಹೆಸರು ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು, 5ಎ ಕಲಂ.

ಮದುವೆಯಾಗದವಳಿಗೂ 24 ವಾರದ ಪಟ್ಟಿಯ ಲಾಭ ಸಿಗಬೇಕೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. 17ರವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮದುವೆಯಾಗಿದ್ದರೂ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ ಅನ್ವಯಿಸುವುದರಿಂದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಈ ಹುಡುಗಿಯರು ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ. ಅದೇ ತೀರ್ಪಿನಲ್ಲಿ ದಾರಿಯೂ ಇದೆ: ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಅವಳ ಹೆಸರು, ಗುರುತು ಬಿಟ್ಟು ಮಾಹಿತಿ ಕೊಡಬಹುದು.

24 ವಾರ ದಾಟಿದವರನ್ನು ನೋಡುವ ವೈದ್ಯಕೀಯ ಮಂಡಳಿಗೆ ಮೂರು ದಿನದಲ್ಲಿ ಅಭಿಪ್ರಾಯ ಕೊಡುವ ಗಡುವಿದೆ. ಅದರಾಚೆಗೆ ಹೈಕೋರ್ಟ್. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ. ಹುಡುಗರು ಎಲ್ಲದಕ್ಕೂ ‘ಬೆಂಗಳೂರಿಗೆ ಹೋಗಬೇಕು’ ಅಂತ ಬರೆದಿದ್ದರೆ ತಿದ್ದಿಸಿ.